ಪೈಪಿನ ತಂಬಾಕು, ರೊಟ್ಟಿ ಹಂಚು, ಬೆಳಗಾವಿಯ ಮಳೆ

ಪೈಪು ಸೇದುವುದರಲ್ಲಿ ಏನೇ ಕೆಟ್ಟರೂ ಬಹುಪಾಲು ಎರಡೇ ಕಾರಣಕ್ಕೆ ಕೆಡುತ್ತದೆ: ತಂಬಾಕಿನಲ್ಲಿ ನೀರಿನಂಶ ಹೆಚ್ಚಾಗಿರುತ್ತದೆ, ಇಲ್ಲವೇ ಸೇದುವವರಿಗೆ ಅವಸರ ಹೆಚ್ಚಾಗಿರುತ್ತದೆ. ಇಷ್ಟೇ ಇಷ್ಟು ತಿಳಿಯಲು ಬೆಳಗಾವಿಯಲ್ಲಿ ಮೊದಲು ವರ್ಷಗಳೇ ಹಿಡಿಯುತ್ತಿದ್ದವು. ಈಗ ಮೊಬೈಲ್ ತೆರೆದರೆ ಹತ್ತು ನಿಮಿಷಕ್ಕೆ ಸಿಗುತ್ತದೆ. ಹಾಗಿದ್ದರೂ ಹೊಸಬರ ನಾಲಿಗೆ ಅಂದೂ ಸುಡುತ್ತಿತ್ತು, ಇಂದೂ ಸುಡುತ್ತದೆ. ಅಂದು ಕಾರಣ ಹೇಳುವವರಿರಲಿಲ್ಲ. ಇಂದು ಕಾರಣ ಸರಿಯಾಗಿಯೇ ಹೇಳುತ್ತಾರೆ, ಆದರೆ ಅವರು ಕೊಡುವ ಅಳತೆ ಬೇರೆ ಊರಿನ ಹವೆಗೆ ಹೊಂದಿದ್ದು. ಎರಡೂ ಕಾಲದಲ್ಲಿ ಕಲಿತವನಾಗಿ, ಯಾವುದನ್ನು ಎಲ್ಲಿಂದ ತೆಗೆದುಕೊಂಡರೆ ಕೆಲಸ ಆಗುತ್ತದೆ ಎಂದು ಬರೆಯುತ್ತಿದ್ದೇನೆ.

ಇಂಟರ್ನೆಟ್ಟಿಗೆ ಮುಂಚೆ ಇಲ್ಲಿ ಕಲಿಯಲು ಇದ್ದದ್ದು ಮೂರು ದಾರಿ. ಕ್ಯಾಂಪಿನ, ಅಂದರೆ ಊರಿನ ದಂಡು ಪ್ರದೇಶದ ಕಡೆ ನೆಲೆಸಿದ್ದ ನಿವೃತ್ತ ಮಿಲಿಟರಿ ಅಧಿಕಾರಿಗಳು ವರಾಂಡದಲ್ಲಿ ಕುಳಿತು ಸೇದುವುದನ್ನು ದೂರದಿಂದ ನೋಡಬಹುದಿತ್ತು. ತುಂಬುವ ಕೈ, ಗೀರುವ ಕಡ್ಡಿ, ಏಳುವ ಹೊಗೆ ಕಣ್ಣಿಗೆ ಬೀಳುತ್ತಿದ್ದವು. ತುಂಬುವುದಕ್ಕೆ ಮೊದಲು ತಂಬಾಕನ್ನು ಕಾಗದದ ಮೇಲೆ ಹರಡಿ ಅರ್ಧ ಗಂಟೆ ಆರಲು ಬಿಟ್ಟಿದ್ದು ಕಾಣುತ್ತಿರಲಿಲ್ಲ, ಅದು ಮನೆಯೊಳಗೆ ನಡೆದುಹೋಗಿರುತ್ತಿತ್ತು. ಎರಡನೆಯದು, ತಂಬಾಕಿನ ಡಬ್ಬಿಯೊಳಗಿನ ಚೀಟಿ. ‘ತಳದಲ್ಲಿ ಸಡಿಲ, ಮೇಲೆ ಬಿಗಿ’ ಎಂಬಷ್ಟೇ ಅದರ ಸಾರ. ಮೂರನೆಯದನ್ನು ನಾವು ಯಾರೂ ಗುರು ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ: ಹಳ್ಳಿಯಲ್ಲಿ ಚಿಲುಮಿ ಸೇದುವ ಹಿರಿಯರು.

ಈಗ ಹಿಂತಿರುಗಿ ನೋಡಿದರೆ ಅವರಿಗೇ ಹೆಚ್ಚು ಗೊತ್ತಿತ್ತು. ಮಣ್ಣಿನ ಚಿಲುಮಿಯ ತಳಕ್ಕೆ ಅವರು ಒಂದು ಸಣ್ಣ ಹರಳು ಹಾಕುತ್ತಾರೆ. ತಂಬಾಕು ಕೆಳಗಿಳಿಯುವುದಿಲ್ಲ, ಗಾಳಿ ಮಾತ್ರ ಹರಳಿನ ಸುತ್ತ ನುಸುಳುತ್ತದೆ. ಪೈಪಿನ ತಳದಲ್ಲಿ ತಂಬಾಕು ಸಡಿಲವಾಗಿರಬೇಕು ಎನ್ನುವುದಕ್ಕೂ ಇದೇ ಕಾರಣ. ಎಳೆಯುವ ಬಗ್ಗೆ ಅವರು ಹೇಳುವ ಮಾತು, ‘ಕೆಂಡ ಮಲ್ಕೊಂಡಿರಬೇಕು ತಮ್ಮಾ, ಎದ್ದು ಕುಣೀಬಾರ್ದು.’ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಯಾವ ವಿಡಿಯೋದಲ್ಲೂ ಕೇಳಿಲ್ಲ.

ನೋಡಿ ಕಲಿಯುವ ದಾರಿಯೂ ಆಮೇಲೆ ಕಿರಿದಾಯಿತು. 2008ರ ಅಕ್ಟೋಬರ್ 2ರಿಂದ ದೇಶದಲ್ಲೆಲ್ಲ ಸಾರ್ವಜನಿಕ ಸ್ಥಳದಲ್ಲಿ ಸೇದುವಂತಿಲ್ಲ. ಕರ್ನಾಟಕದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಎರಡೂ ಆಗಬೇಕಾದದ್ದೇ. ಆದರೆ ಇದರಿಂದ ಪೈಪು ಪೂರ್ತಿ ಮನೆಯೊಳಗೆ ಸೇರಿಕೊಂಡಿತು. ಹೊಸಬರಿಗೆ ಉಳಿದದ್ದು ಮೊಬೈಲಿನ ಪರದೆ ಮಾತ್ರ.

ಮೊದಲು ಪೈಪನ್ನೇ ನೋಡೋಣ. ಒಳ್ಳೆಯ ಪೈಪಿನ ಬೌಲ್, ಅಂದರೆ ತಂಬಾಕು ತುಂಬುವ ಬಟ್ಟಲು, ಬ್ರೈಯರ್ ಕಟ್ಟಿಗೆಯದು. ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಯ ಬೇರಿಗೂ ಕಾಂಡಕ್ಕೂ ನಡುವೆ ಗಂಟು ಕಟ್ಟುತ್ತದೆ. ಆ ಗಂಟನ್ನು ಅಗೆದು ತೆಗೆದು, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿದ ಮೇಲೆ ಕೊರೆಯುತ್ತಾರೆ. ಬೆಂಕಿಗೆ ಬೇಗ ಉರಿಯದ, ತೇವ ಹೀರಿ ಮತ್ತೆ ಬಿಟ್ಟುಕೊಡುವ ಕಟ್ಟಿಗೆ ಅದು. ನಮ್ಮಲ್ಲಿ ಕಡಿಮೆ ಬೆಲೆಗೆ ಆನ್‌ಲೈನ್‌ನಲ್ಲಿ ಸಿಗುವ ಪೈಪುಗಳಲ್ಲಿ ಬಹಳಷ್ಟು ಶೀಶಮ್ಮಿನವು ಅಥವಾ ಹೆಸರೇ ಹೇಳದ ಕಟ್ಟಿಗೆಯವು. ಹೊರಗೆ ದಪ್ಪ ವಾರ್ನಿಷ್ ಹೊಡೆದಿರುತ್ತಾರೆ, ಕೆಲವದರಲ್ಲಿ ಬೌಲಿನ ಒಳಗೂ ಹೊಡೆದಿರುತ್ತಾರೆ. ಒಳಗೆ ಹೊಳಪು ಕಂಡರೆ ಆ ಪೈಪಿಗೆ ಬೆಂಕಿ ಮುಟ್ಟಿಸಬಾರದು, ಮೊದಲ ಸಲಕ್ಕೇ ವಾರ್ನಿಷ್ಷಿನ ಹೊಗೆ ಗಂಟಲಿಗೆ ಹೋಗುತ್ತದೆ.

ಕೊಳ್ಳುವಾಗ ನಾಲ್ಕು ಅಳತೆ ಸಾಕು. ಬೌಲಿನ ಬಾಯಿ ಒಳಗೆ 18ರಿಂದ 20 ಮಿ.ಮೀ., ಆಳ 35ರಿಂದ 40 ಮಿ.ಮೀ. ಇಂಥದ್ದರಲ್ಲಿ ಸುಮಾರು 2 ಗ್ರಾಂ ತಂಬಾಕು ಹಿಡಿಯುತ್ತದೆ, ಮುಕ್ಕಾಲು ಗಂಟೆ ಬರುತ್ತದೆ. ಗೋಡೆ 6 ಮಿ.ಮೀ.ಗಿಂತ ತೆಳ್ಳಗಿದ್ದರೆ ಕೈ ಸುಡುತ್ತದೆ. ಹೊಗೆ ಹೋಗುವ ರಂಧ್ರ ಬೌಲಿನ ತಳಕ್ಕೆ ಸರಿಯಾಗಿ ಬಂದು ಕೂಡಿರಬೇಕು. ತಳದಿಂದ 3–4 ಮಿ.ಮೀ. ಮೇಲೆ ಕೊರೆದಿದ್ದರೆ ಅದರ ಕೆಳಗಿನ ತಂಬಾಕು ಎಂದೂ ಉರಿಯುವುದಿಲ್ಲ, ನೆನೆದು ಕೆಸರಾಗಿ ಕೂರುತ್ತದೆ. ಇದಕ್ಕೆ ಮದ್ದಿದೆ. ಬೂದಿಯನ್ನು ನಾಲ್ಕು ಹನಿ ನೀರಿನಲ್ಲಿ ಕಲಸಿ, ರಂಧ್ರಕ್ಕೆ ಪೈಪ್ ಕ್ಲೀನರ್ (ನೂಲು ಸುತ್ತಿದ ತೆಳು ತಂತಿ) ತೂರಿಸಿಟ್ಟು, ತಳ ರಂಧ್ರದ ಮಟ್ಟಕ್ಕೆ ಬರುವಂತೆ ಮೆತ್ತಿ ಎರಡು ದಿನ ಒಣಗಿಸಬೇಕು. ಮನೆಯ ನೆಲ ಸಾರಿಸಿದಷ್ಟೇ ಸುಲಭ.

ಇನ್ನೊಂದು ಮೋಸ ಫಿಲ್ಟರಿನದು. ಇದು ಅಂಗಡಿಯವರ ತಪ್ಪಲ್ಲ, ಕೊಂಡವರಿಗೆ ಹೇಳುವವರಿಲ್ಲದ ತಪ್ಪು. 9 ಮಿ.ಮೀ. ಫಿಲ್ಟರ್ ಹಾಕಲೆಂದೇ ಕೊರೆದ ಪೈಪನ್ನು ಕೊಂಡು, ಫಿಲ್ಟರ್ ತೀರಿದ ಮೇಲೆ ಖಾಲಿಯಾಗಿಯೇ ಸೇದುತ್ತಾರೆ. ಬಿಸಿ ಹೊಗೆ ಕಿರಿದಾದ ದಾರಿಯಿಂದ ಬಂದು ಆ ಅಗಲವಾದ ಪೊಳ್ಳಿನಲ್ಲಿ ಒಮ್ಮೆಲೇ ಹರಡಿ ತಣ್ಣಗಾಗುತ್ತದೆ, ಹಬೆ ನೀರಾಗುತ್ತದೆ. ಹತ್ತು ನಿಮಿಷದಲ್ಲಿ ಗುಳುಗುಳು ಸದ್ದು ಶುರು. ಫಿಲ್ಟರ್ ಬೇಡವೆಂದರೆ ಆ ಜಾಗ ತುಂಬುವ ಅಡಾಪ್ಟರ್ ಹಾಕಬೇಕು, ಇಲ್ಲವೇ ಫಿಲ್ಟರಿಲ್ಲದ ಪೈಪನ್ನೇ ಕೊಳ್ಳಬೇಕು.

ಮೊದಲ ಪೈಪಾಗಿ ನಾನು ಹೇಳುವುದು ಗೋವಿನಜೋಳದ ದಿಂಡಿನ ಪೈಪು, ಕಾರ್ನ್ ಕಾಬ್. ಅಮೆರಿಕದ ಮಿಸೌರಿಯಲ್ಲಿ ವಾಷಿಂಗ್ಟನ್ ಎಂಬ ಊರಿನ ಕಂಪನಿ 1869ರಿಂದ ಇದನ್ನೇ ಮಾಡುತ್ತಿದೆ. ಪಳಗಿಸುವ ಕೆಲಸವಿಲ್ಲ, ತೇವ ಹೀರುತ್ತದೆ, ಮೊದಲ ದಿನದಿಂದ ತಂಪಾಗಿ ಸೇದಬಹುದು. ನಮ್ಮ ಬೆಳಗಾವಿ, ಬಾಗಲಕೋಟೆ ಹೊಲಗಳಲ್ಲಿ ಗೋವಿನಜೋಳಕ್ಕೆ ಬರವಿಲ್ಲ, ನಾವೇ ಕೊರೆದುಕೊಂಡರೇನು ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಪೈಪಿಗೆಂದೇ ಬೆಳೆಸುವ ತಳಿಯ ದಿಂಡು ದಪ್ಪ, ಗಟ್ಟಿ. ಅದನ್ನು ಎರಡು ವರ್ಷದ ತನಕ ಒಣಗಿಸುತ್ತಾರೆ. ನಮ್ಮ ಸಂತೆಯ ತೆನೆಯ ದಿಂಡು ಬೆಂಡಿನ ಹಾಗೆ ಮೆದು, ನಾಲ್ಕನೇ ಸಲಕ್ಕೆ ಗೋಡೆ ತೂತಾಗಿ ಕೆಂಡ ಹೊರಬರುತ್ತದೆ.

ತಂಬಾಕಿನ ವಿಷಯಕ್ಕೆ ಬಂದರೆ, ಈ ಜಿಲ್ಲೆಯವರೆಲ್ಲ ಮೊದಲು ಬೀಳುವ ಹಳ್ಳ ನಿಪ್ಪಾಣಿಯದು. ತಂಬಾಕಿನ ಊರನ್ನು ಪಕ್ಕದಲ್ಲಿಟ್ಟುಕೊಂಡು ಹೊರಗಿನ ಡಬ್ಬಿಗೆ ಯಾಕೆ ದುಡ್ಡು ಹಾಕಬೇಕು ಎಂದು ಅನ್ನಿಸುವುದು ಸಹಜ. ಆದರೆ ನಿಪ್ಪಾಣಿಯದು ಬೀಡಿ ತಂಬಾಕು. ಬಿಸಿಲಿನಲ್ಲಿ ಒಣಗಿಸಿ ಪುಡಿ ಮಾಡಿದ ಎಲೆ. ಬೀಡಿಯಲ್ಲಿ ಕಾಲು ಗ್ರಾಂ ಆಸುಪಾಸಿನ ಪುಡಿ ಸಡಿಲವಾಗಿ ಎಲೆಯೊಳಗೆ ಕೂರುತ್ತದೆ, ಅಲ್ಲಿಗೆ ಅದೇ ಸರಿ. ಪೈಪಿನಲ್ಲಿ ಅದೇ ಪುಡಿ 2 ಗ್ರಾಂ ಹಾಕಿದರೆ ಮರಳಿನ ಹಾಗೆ ಒಂದರ ಮೇಲೊಂದು ಕುಳಿತು ಗಾಳಿಗೆ ಜಾಗವೇ ಉಳಿಯುವುದಿಲ್ಲ. ರಂಧ್ರಕ್ಕೆ ಇಳಿದು ಕಟ್ಟಿಕೊಳ್ಳುತ್ತದೆ, ಬಾಯಿಗೂ ಬರುತ್ತದೆ. ಅದಕ್ಕಿಂತ ಹೆಚ್ಚಿನದು ನಿಕೋಟಿನ್ನಿನ ಏಟು: ತಲೆ ತಿರುಗಿ, ಬೆವರಿ, ವಾಂತಿಯಾಗುವ ಮಟ್ಟಕ್ಕೆ ಹೋಗುತ್ತದೆ. ಪೈಪಿಗೆ ಬೇಕಾದದ್ದು ಉದ್ದ ಎಳೆಯಾಗಿ ಅಥವಾ ಚಪ್ಪಟೆ ಬಿಲ್ಲೆಯಾಗಿ ಕತ್ತರಿಸಿದ ತಂಬಾಕು.

ಅದರಲ್ಲಿ ಬಗೆಗಳಿವೆ. ವರ್ಜೀನಿಯಾ ಎಲೆಯನ್ನು ಬಿಸಿಗಾಳಿಯಲ್ಲಿ ಹದಮಾಡುತ್ತಾರೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ ಎಂಬ ಒಣಗಿಸುವ ಮನೆಗಳಲ್ಲಿ ಬೇಯುವುದೂ ಇದೇ ಜಾತಿ. ಬಿಸಿಗೆ ಎಲೆಯೊಳಗಿನ ಸಕ್ಕರೆ ಕರಗಿಹೋಗದೆ ಉಳಿದುಬಿಡುತ್ತದೆ, ಆದ್ದರಿಂದ ರುಚಿ ಸಿಹಿ, ಉರಿ ಜೋರು, ನಾಲಿಗೆ ಸುಡುವ ಅಪಾಯವೂ ಹೆಚ್ಚು. ಬರ್ಲಿ ನೆರಳಿನ ಗಾಳಿಯಲ್ಲಿ ಒಣಗಿದ್ದು, ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ಕಡಲೆಬೀಜದಂಥ ರುಚಿ, ನಿಧಾನ ಉರಿ. ಲಟಾಕಿಯಾ ಕಟ್ಟಿಗೆಯ ಹೊಗೆಯಲ್ಲಿ ಹದಮಾಡಿದ್ದು, ಒಲೆಯ ಮೇಲಿನ ಅಟ್ಟದ ವಾಸನೆ ಬರುತ್ತದೆ. ಹೊಸಬರು ಇವನ್ನೆಲ್ಲ ಬಿಟ್ಟು ವೆನಿಲ್ಲಾ, ಚೆರ್ರಿ ಪರಿಮಳದ್ದಕ್ಕೆ ಕೈಹಾಕುತ್ತಾರೆ. ವಾಸನೆ ಒಳ್ಳೆಯದು, ಕಲಿಯಲು ಕೆಟ್ಟದ್ದು. ಪರಿಮಳದ ತಂಬಾಕಿಗೆ ಪ್ರೊಪೈಲಿನ್ ಗ್ಲೈಕಾಲ್ ಬೆರೆಸುವುದುಂಟು. ಅದು ನೀರನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಹರಡಿಟ್ಟರೂ ಅಂಟಂಟಾಗಿಯೇ ಇರುತ್ತದೆ, ಹಬೆ ಎಬ್ಬಿಸುತ್ತದೆ. ಕಲಿಯುವವರಿಗೆ ಬರ್ಲಿ ಹೆಚ್ಚಿರುವ, ಪರಿಮಳ ಕಡಿಮೆಯಿರುವ ಮಿಶ್ರಣವೇ ಒಳ್ಳೆಯದು.

ಇನ್ನು ನೀರಿನಂಶ. ಇಡೀ ಕಲಿಕೆಯ ತಿರುಳು ಇಲ್ಲಿದೆ.

ಡಬ್ಬಿಯಲ್ಲಿ ಬರುವ ತಂಬಾಕು ಸೇದಲು ತಯಾರಿರುವುದಿಲ್ಲ, ಕೆಡದೆ ಇರಲು ಬೇಕಾದಷ್ಟು ಒದ್ದೆಯಾಗಿರುತ್ತದೆ. ಒದ್ದೆ ತಂಬಾಕಿಗೆ ಬೆಂಕಿ ಹಾಕಿದರೆ ಕೆಂಡದ ಶಾಖದ ದೊಡ್ಡ ಪಾಲು ನೀರನ್ನು ಹಬೆ ಮಾಡುವುದಕ್ಕೇ ಹೋಗುತ್ತದೆ. ಕೆಂಡ ನಂದುತ್ತದೆ, ಸೇದುವವರು ಜೋರಾಗಿ ಎಳೆಯುತ್ತಾರೆ, ಆ ಹಬೆಯೆಲ್ಲ ನಾಲಿಗೆಯ ಮೇಲೆ ಬಂದು ಬೀಳುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಕೈಗೆ ತಾಗುವ ಹಬೆಯೇ ಇದು. ಒಣ ಹೊಗೆ ಅಷ್ಟು ಸುಡುವುದಿಲ್ಲ. ನಾಲಿಗೆ ಸುಟ್ಟದ್ದು ಆಗಲೇ ಗೊತ್ತಾಗದಿದ್ದರೂ ಮರುದಿನ ರೊಟ್ಟಿಯ ಜೊತೆ ಖಾರದ ರಂಜಕ ಬಾಯಿಗಿಟ್ಟಾಗ ಗೊತ್ತಾಗುತ್ತದೆ. ಎರಡು ಮೂರು ದಿನ ಪೈಪು ಮುಟ್ಟಬಾರದು.

ಈ ಕಾರಣವನ್ನು ತಿಳಿಸಿಕೊಟ್ಟದ್ದು ಇಂಟರ್ನೆಟ್, ಅದಕ್ಕೆ ನಾನು ಋಣಿ. ಹಿಂದೆ ನಾಲಿಗೆ ಸುಟ್ಟರೆ ‘ತಂಬಾಕು ಕಡಕ್ ಐತಿ’ ಎಂದು ಬ್ರಾಂಡ್ ಬದಲಿಸುತ್ತಿದ್ದೆವು. ಆದರೆ ‘ಇಪ್ಪತ್ತು ನಿಮಿಷ ಹರಡಿಡಿ’ ಎಂದು ವಿಡಿಯೋದವರು ಹೇಳುವ ಲೆಕ್ಕವನ್ನು ಬೆಳಗಾವಿಗೆ ಹಾಗೇ ತಂದರೆ ಕೆಲಸ ಕೆಡುತ್ತದೆ. ತಂಬಾಕು ಉಪ್ಪಿನ ಹಾಗೆ, ಸುತ್ತಲ ಗಾಳಿಯ ತೇವಕ್ಕೆ ತಾನೂ ಸರಿಹೊಂದುತ್ತದೆ. ಬೆಳಗಾವಿಗೆ ವರ್ಷಕ್ಕೆ 1,300 ಮಿ.ಮೀ. ಆಸುಪಾಸು ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈಯಲ್ಲಿ ಅಡಿಗೆಮನೆಯ ಉಪ್ಪು ನೀರಾಗುವ ದಿನಗಳಲ್ಲಿ ತಂಬಾಕನ್ನು ಎರಡು ತಾಸು ಹರಡಿಟ್ಟರೂ ಆರುವುದಿಲ್ಲ. ಒಮ್ಮೊಮ್ಮೆ ಇಟ್ಟದ್ದಕ್ಕಿಂತ ಮೆತ್ತಗಾಗಿರುತ್ತದೆ. ಅದೇ ಡಬ್ಬಿಯನ್ನು ಏಪ್ರಿಲ್‌ನಲ್ಲಿ 200 ಕಿ.ಮೀ. ದೂರದ ವಿಜಯಪುರಕ್ಕೆ ಒಯ್ದರೆ ಹತ್ತು ನಿಮಿಷ ಸಾಕು. ಹದಿನೈದು ನಿಮಿಷಕ್ಕೆ ಚರಚರ ಎನ್ನುತ್ತದೆ, ಅರ್ಧ ಗಂಟೆಗೆ ಪುಡಿ.

ಆದ್ದರಿಂದ ಗಡಿಯಾರ ಬಿಟ್ಟು ಬೆರಳನ್ನು ನಂಬಬೇಕು. ಚಿಟಿಕೆ ತಂಬಾಕನ್ನು ಹೆಬ್ಬೆರಳು, ತೋರುಬೆರಳ ನಡುವೆ ಮೂರೆಣಿಸುವಷ್ಟು ಹೊತ್ತು ಒತ್ತಿ ಬಿಡಿ. ಉಂಡೆಯಾಗಿಯೇ ಉಳಿದರೆ ಇನ್ನೂ ಒದ್ದೆ. ಬಿಟ್ಟ ಕೂಡಲೇ ಸಿಡಿದು ಚೂರಾದರೆ ಅತಿ ಒಣಗಿದೆ. ನಿಧಾನವಾಗಿ ಬಿಚ್ಚಿಕೊಂಡು, ಬೆರಳಿಗೆ ತಣ್ಣಗೆ ಹತ್ತದೆ, ಮುರಿಯದೆ ಬಾಗಿದರೆ ಹದ ಬಂತು. ‘ತಣ್ಣಗೆ ಹತ್ತದೆ’ ಎನ್ನುವುದು ಮುಖ್ಯ, ಒದ್ದೆ ತಂಬಾಕು ಮುಟ್ಟಿದರೆ ತಂಪು. ಇದನ್ನು ಪರದೆಯ ಮೇಲೆ ತೋರಿಸಲು ಯಾರಿಗೂ ಸಾಧ್ಯವಿಲ್ಲ.

ಮಳೆಗಾಲಕ್ಕೆ ನಮ್ಮ ಮನೆಯಲ್ಲೇ ಉಪಾಯವಿದೆ: ರೊಟ್ಟಿ ಹಂಚು. ರೊಟ್ಟಿ ಬಡಿದು ಮುಗಿದ ಮೇಲೆ ಹಂಚನ್ನು ಕೆಳಗಿಳಿಸಿ, ಅಂಗೈ ಇಟ್ಟು ಐದೆಣಿಸಲು ಆಗುವಷ್ಟು ಆರಲು ಬಿಡಬೇಕು. ಅದರ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯ ಮೇಲೆ ಒಂದು ಹಾಳೆ ಕಾಗದ, ಕಾಗದದ ಮೇಲೆ 2 ಗ್ರಾಂ ತಂಬಾಕನ್ನು ಎಳೆ ಬಿಡಿಸಿ ತೆಳ್ಳಗೆ ಹರಡಬೇಕು. ಆರೇಳು ನಿಮಿಷಕ್ಕೆ ಒಮ್ಮೆ ಮಗುಚಿ, ಮತ್ತೆ ಅಷ್ಟೇ ಹೊತ್ತು. ಮೂಗಿನಲ್ಲಿ ಸಿಹಿ ಹುಲ್ಲಿನ ವಾಸನೆ ತುಂಬುವ ಹಾಗೆ ಪರಿಮಳ ಏಳಲು ಶುರುವಾದರೆ ತೆಗೆದುಬಿಡಬೇಕು, ಅದಕ್ಕೂ ಮೀರಿದರೆ ರುಚಿಯೇ ಹಾರಿಹೋಗುತ್ತದೆ. ತೆಗೆದ ಮೇಲೆ ಎರಡು ನಿಮಿಷ ತಣಿಯಲು ಬಿಟ್ಟು ಆಮೇಲೆ ಬೆರಳಲ್ಲಿ ಒತ್ತಿ ನೋಡಬೇಕು, ಬಿಸಿಯಾಗಿದ್ದಾಗ ಎಲ್ಲ ತಂಬಾಕೂ ಮೆತ್ತಗೇ ಅನ್ನಿಸುತ್ತದೆ. ಮೈಕ್ರೋವೇವ್ ಮಾತ್ರ ಬೇಡ. ಅಂಚು ಕರಕಲಾಗುತ್ತದೆ, ನಡು ಹಸಿಯಾಗಿಯೇ ಇರುತ್ತದೆ.

ವಿಜಯಪುರದವರ ತಾಪತ್ರಯ ತಿರುವುಮುರುವು. ತೆರೆದ ಪೊಟ್ಟಣ ವಾರದಲ್ಲಿ ಹೊಟ್ಟಾಗುತ್ತದೆ. ಹಳಬರು ಆಲೂಗಡ್ಡೆಯ ಹೋಳು ಹಾಕುತ್ತಿದ್ದರು, ಅದರಿಂದ ಬೂಸ್ಟು ಬರುತ್ತದೆ. ಸುಟ್ಟ ಮಣ್ಣಿನ ಗಡಿಗೆಯ ಚೂರು ಒಂದನ್ನು, ಎರಡು ಬೆರಳಗಲದ್ದು, ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಮೇಲಿನ ನೀರು ಒರೆಸಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ತಂಬಾಕಿನ ಮೇಲೆ ಒಂದು ದಿನ ಇಟ್ಟರೆ ಎಲೆ ಮತ್ತೆ ಬಾಗುವಂತಾಗುತ್ತದೆ. ಆದ ಮೇಲೆ ಚೂರನ್ನು ಹೊರಗೆ ತೆಗೆಯಬೇಕು. ಕೂಡಿಡಲು ಗಾಜಿನ ಬಾಟಲಿಯೇ ಸರಿ, ಪ್ಲಾಸ್ಟಿಕ್ ಡಬ್ಬಿ ವಾಸನೆ ಹಿಡಿಯುತ್ತದೆ. ಬೂಸ್ಟು ಬಂದದ್ದನ್ನು, ಅಂದರೆ ಬಿಳಿ ನೂಲಿನಂಥದ್ದು ಕಂಡು ಮುಗ್ಗಲು ವಾಸನೆ ಹೊಡೆದದ್ದನ್ನು, ಎಷ್ಟೇ ಬೆಲೆಬಾಳಲಿ, ಎಸೆಯಬೇಕು.

ತುಂಬುವುದಕ್ಕೆ ಇಂಟರ್ನೆಟ್ಟಿನಲ್ಲಿ ಹತ್ತಾರು ವಿಧಾನ ಸಿಗುತ್ತವೆ. ಹಳೆಯ ಮೂರು ಸುತ್ತಿನದೇ ಸಾಕು. ಮೊದಲ ಸುತ್ತಿಗೆ ಬೌಲಿನ ಬಾಯಿ ತನಕ ಉದುರಿಸಿ, ಕೂಸಿನ ಕೈಯಷ್ಟು ಮೆತ್ತಗೆ ಒತ್ತಿದರೆ ಅರ್ಧಕ್ಕಿಳಿಯುತ್ತದೆ. ಮತ್ತೆ ಬಾಯಿ ತನಕ ತುಂಬಿ, ಹೆಣ್ಣುಮಗಳ ಕೈಯಷ್ಟು ಒತ್ತಿದರೆ ಮುಕ್ಕಾಲಿಗೆ ನಿಲ್ಲುತ್ತದೆ. ಮೂರನೆಯದು ಅಂಚಿಗಿಂತ ಸ್ವಲ್ಪ ಮೇಲೆ ಬರುವಷ್ಟು ಹಾಕಿ ಗಂಡಾಳಿನ ಕೈಯಿಂದ ಒತ್ತಿ ಅಂಚಿಗಿಂತ ಒಂದೆರಡು ಮಿ.ಮೀ. ಕೆಳಗೆ ನಿಲ್ಲಿಸಬೇಕು. ಬೆರಳು ಇಟ್ಟರೆ ಸ್ಪ್ರಿಂಗಿನ ಹಾಗೆ ಮೇಲೇಳಬೇಕು. ಬೆಂಕಿ ಹಚ್ಚುವ ಮೊದಲು ಖಾಲಿ ಎಳೆದು ನೋಡಿ: ತೆಳ್ಳನೆ ಮಜ್ಜಿಗೆಯನ್ನು ಸ್ಟ್ರಾದಿಂದ ಎಳೆದಷ್ಟು ತಡೆ ಇದ್ದರೆ ಸರಿ, ಗಟ್ಟಿ ಲಸ್ಸಿ ಎಳೆದಂತಾದರೆ ಬಿಗಿಯಾಯಿತು. ಬಿಗಿಯಾದದ್ದನ್ನು ಕಡ್ಡಿಯಿಂದ ಚುಚ್ಚಿ ಸರಿಮಾಡಲು ಹೋಗಬೇಡಿ. ನಡುವೆ ಒಂದು ಸುರಂಗವಾಗಿ ಗಾಳಿ ಅಲ್ಲಿಂದಷ್ಟೇ ಹಾಯುತ್ತದೆ, ಸುತ್ತಲದ್ದು ಉರಿಯುವುದಿಲ್ಲ. ಸುರಿದು ಮತ್ತೆ ತುಂಬುವುದೇ ಬೇಗದ ಕೆಲಸ.

ಬೆಂಕಿ ಎರಡು ಸಲ. ಕಡ್ಡಿ ಗೀರಿ, ತುದಿಯ ಮದ್ದು ಉರಿದು ಮುಗಿಯುವ ತನಕ ಕಾಯಬೇಕು, ಇಲ್ಲದಿದ್ದರೆ ಗಂಧಕದ ವಾಸನೆ ತಂಬಾಕಿಗೆ ಸೇರುತ್ತದೆ. ಜ್ವಾಲೆಯನ್ನು ಬೌಲಿನ ಮೇಲೆ ವೃತ್ತವಾಗಿ ತಿರುಗಿಸುತ್ತ ಐದಾರು ಸಣ್ಣ ದಮ್ಮು ಎಳೆದರೆ ಮೇಲಿನ ಪದರ ಕಪ್ಪಾಗಿ ಹುರಿದ ಶ್ಯಾವಿಗೆಯ ಹಾಗೆ ಉಬ್ಬಿ ಮೇಲೇಳುತ್ತದೆ. ಇದು ನಂದಿಹೋಗುತ್ತದೆ, ನಂದಲೇಬೇಕು. ತಂಬಾಕು ಒತ್ತುವ ಕಡ್ಡಿಯಾದ ಟ್ಯಾಂಪರಿನ ಚಪ್ಪಟೆ ತುದಿಯಿಂದ ಅದನ್ನು ಮೆಲ್ಲಗೆ ಸಮ ಮಾಡಿ ಮತ್ತೆ ಹಚ್ಚಿದರೆ ಆಗ ಕೆಂಡ ಅಗಲಕ್ಕೂ ಹಿಡಿಯುತ್ತದೆ. ಟ್ಯಾಂಪರ್ ಸಿಗದ ಕಾಲದಲ್ಲಿ ಅಗಲ ತಲೆಯ ಮೊಳೆಯೇ ಆ ಕೆಲಸ ಮಾಡುತ್ತಿತ್ತು, ಈಗಲೂ ಮಾಡುತ್ತದೆ. ರಭಸದಿಂದ ಉಗುಳುವ ಜೆಟ್ ಲೈಟರ್ ಬೌಲಿನ ಅಂಚನ್ನು ಸುಡುತ್ತದೆ, ಬೇಡ.

ಆಮೇಲೆ ಎಳೆಯುವುದು. ಮೂಗಿನಿಂದ ಉಸಿರಾಡುತ್ತಲೇ, ಬಿಸಿ ಚಹಾ ಹೀರುವಷ್ಟು ಸಣ್ಣದಾಗಿ, ನಿಮಿಷಕ್ಕೆ ಮೂರು ನಾಲ್ಕು ಸಲ. ಹೊಗೆ ತೆಳ್ಳಗೆ ಬಂದರೆ ಸರಿಯಾಗಿ ನಡೆದಿದೆ ಎಂದರ್ಥ. ವಿಡಿಯೋಗಳಲ್ಲಿ ಮೋಡದ ಹಾಗೆ ಹೊಗೆ ಬಿಡುವುದು ಕ್ಯಾಮೆರಾಕ್ಕೆ ಕಾಣಲೆಂದು, ಅದನ್ನು ನೋಡಿ ಕಲಿತವರೇ ನಾಲಿಗೆ ಸುಟ್ಟುಕೊಳ್ಳುವುದು. ಬೌಲನ್ನು ಕೆನ್ನೆಗೆ ಒತ್ತಿ ಮೂರೆಣಿಸಿ. ತಡೆಯಲಾಗದಷ್ಟು ಬಿಸಿಯಿದ್ದರೆ ಕೆಳಗಿಡಿ, ನಂದಿದರೆ ನಂದಲಿ.

ನಂದುವುದರ ಬಗ್ಗೆ ಹಳೆಯ ತಲೆಮಾರಿನಲ್ಲಿ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಕುಳಿತಿತ್ತು. ಒಂದು ಕಡ್ಡಿಯಲ್ಲಿ ಕೊನೆಯ ತನಕ ಸೇದುವವನೇ ಬಲ್ಲವನು, ಮತ್ತೆ ಮತ್ತೆ ಕಡ್ಡಿ ಗೀರುವುದು ನಾಚಿಕೆ ಎಂದು. ಆ ನಾಚಿಕೆಗೆ ನಂದಬಾರದೆಂದು ಒಂದೇ ಸಮನೆ ಎಳೆದು ಎಷ್ಟು ನಾಲಿಗೆಗಳು ಸುಟ್ಟವೋ, ಎಷ್ಟು ಬೌಲುಗಳು ತಳ ಸೀಳಿದವೋ. ಬೇರೆ ಊರಿನ ಅನುಭವಿಗಳೂ ಒಂದು ಬೌಲಿಗೆ ಮೂರು ನಾಲ್ಕು ಸಲ ಹಚ್ಚುತ್ತಾರೆ ಎಂದು ಕಣ್ಣಾರೆ ತೋರಿಸಿದ್ದು ಇಂಟರ್ನೆಟ್ಟಿನ ದೊಡ್ಡ ಉಪಕಾರ. ನಿಧಾನವಾಗಿ ಸೇದುವ ಅಂತರರಾಷ್ಟ್ರೀಯ ಸ್ಪರ್ಧೆಗಳಿವೆ. ಎಲ್ಲರಿಗೂ 3 ಗ್ರಾಂ ತಂಬಾಕು, ಎರಡೇ ಕಡ್ಡಿ. ಅಲ್ಲಿ ನಂದಿದರೆ ಸೋತಂತೆ. ಆದರೆ ಅದು ಆಟ, ಮನೆಯ ವರಾಂಡಕ್ಕೆ ಆ ನಿಯಮವಿಲ್ಲ.

ಹೊಗೆಯನ್ನು ಎದೆಗೆ ಇಳಿಸುವುದಿಲ್ಲ, ಬಾಯಲ್ಲಿಟ್ಟು ಬಿಡುವುದು. ಪೈಪಿನ ಹೊಗೆ ಸಿಗರೇಟಿನದಕ್ಕಿಂತ ಕ್ಷಾರದ ಕಡೆಗಿರುವುದರಿಂದ ಬಾಯಿಯ ಒಳಚರ್ಮವೇ ನಿಕೋಟಿನ್ ಹೀರಿಕೊಳ್ಳುತ್ತದೆ. ಇದರಿಂದ ‘ಒಳಗೆ ಎಳೆಯುವುದಿಲ್ಲವಲ್ಲ, ಅಪಾಯವಿಲ್ಲ’ ಎಂಬ ಮಾತು ಹುಟ್ಟಿದೆ. ಅದು ಸುಳ್ಳು. ಬಾಯಿ, ತುಟಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್ ಪೈಪಿನಿಂದಲೂ ಬರುತ್ತದೆ, ಚಟವೂ ಹತ್ತುತ್ತದೆ. ನಾಲಿಗೆಯಲ್ಲಿ, ಒಸಡಿನಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣೋ ಬಿಳಿ ಕಲೆಯೋ ಕಂಡರೆ ಪೈಪಿನ ಉರಿ ಎಂದು ಸುಮ್ಮನಿರದೆ ದಂತವೈದ್ಯರ ಬಳಿ ಹೋಗಬೇಕು. ಇದನ್ನು ಹಳಬರು ನಮಗೆ ಹೇಳಲಿಲ್ಲ. ಖಾಲಿ ಹೊಟ್ಟೆಯಲ್ಲಂತೂ ಕೂಡದು, ತಲೆ ತಿರುಗಿದರೆ ಪೈಪು ಇಟ್ಟು, ನೀರು ಕುಡಿದು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಕೂರಬೇಕು.

ಸೇದುತ್ತ ಹೋದಂತೆ ಬೂದಿ ಮೇಲೆ ನಿಲ್ಲುತ್ತದೆ. ಐದು ನಿಮಿಷಕ್ಕೊಮ್ಮೆ ಟ್ಯಾಂಪರಿನ ಭಾರದಷ್ಟೇ ಒತ್ತಿ ಬೂದಿಯನ್ನು ಕೆಂಡಕ್ಕೆ ತಾಗಿಸಬೇಕು. ಗುಳುಗುಳು ಕೇಳಿದ ಕೂಡಲೇ ಪೈಪ್ ಕ್ಲೀನರನ್ನು ಬಾಯಲ್ಲಿಡುವ ನಳಿಗೆಯ, ಅಂದರೆ ಸ್ಟೆಮ್ಮಿನ ತುದಿಯಿಂದ ಬೌಲಿನ ತಳದ ತನಕ ತೂರಿಸಿ ಎರಡು ಕ್ಷಣ ಬಿಟ್ಟು ತೆಗೆದರೆ ನೀರು ಅದಕ್ಕೆ ಹತ್ತಿ ಬರುತ್ತದೆ. ಆಗ ಸ್ಟೆಮ್ ಬಿಚ್ಚಬಾರದು. ಬಿಸಿಗೆ ಕಟ್ಟಿಗೆ ಹಿಗ್ಗಿರುತ್ತದೆ, ಬಿಚ್ಚಿದರೆ ಕೀಲು ಸಡಿಲವಾಗುತ್ತದೆ ಇಲ್ಲವೇ ಬೌಲಿನಿಂದ ಸ್ಟೆಮ್ಮಿನ ತನಕ ಬರುವ ಕಟ್ಟಿಗೆಯ ಕುತ್ತಿಗೆ, ಶ್ಯಾಂಕ್, ಸೀಳುತ್ತದೆ. ಡಬ್ಲಿನ್ನಿನ ಪೀಟರ್ಸನ್ ಕಂಪನಿ 1890ರಲ್ಲಿ ಪೇಟೆಂಟ್ ಪಡೆದ ಸಿಸ್ಟಮ್ ಪೈಪು ಇದಕ್ಕೆ ಹೊರತು. ಅದರ ಶ್ಯಾಂಕಿನೊಳಗೆ ನೀರು ಇಳಿಯಲು ಒಂದು ಹೊಂಡವಿದೆ, ಬಾಯಿಗೆ ಲೋಹದ ಪಟ್ಟಿ ಇದೆ. ಸೇದುವಾಗಲೇ ಬಿಚ್ಚಿ ನೀರು ಚೆಲ್ಲಬಹುದು. ನಮ್ಮ ಜುಲೈ ತಿಂಗಳಿಗೆ ಹೇಳಿಮಾಡಿಸಿದ ಪೈಪು.

ಮುಗಿದ ಮೇಲೆ ಪೈಪನ್ನು ಗೋಡೆಗೋ ಬೂಟಿನ ಹಿಮ್ಮಡಿಗೋ ಬಡಿಯುವುದು ಸಿನಿಮಾದಲ್ಲಿ ಚೆಂದ. ಶ್ಯಾಂಕ್ ಮುರಿಯುವುದು ಹೀಗೆಯೇ. ಅಂಗೈಗೆ ತಟ್ಟಿ, ಚಮಚದ ತುದಿಯಿಂದ ಬೂದಿ ತೆಗೆದು, ಕ್ಲೀನರ್ ಆಡಿಸಿ, ಬೌಲ್ ಕೆಳಮುಖವಾಗಿ ನಿಲ್ಲಿಸಬೇಕು. ಬೌಲಿನ ಗೋಡೆಗೆ ಕಟ್ಟುವ ಇದ್ದಿಲಿನ ಪದರ ಬ್ರೈಯರನ್ನು ಕಾಯುತ್ತದೆ. 1ರಿಂದ 1.5 ಮಿ.ಮೀ. ಇದ್ದರೆ ಸಾಕು. ಅದಕ್ಕಿಂತ ದಪ್ಪವಾದರೆ ಕಾದಾಗ ಅದು ಕಟ್ಟಿಗೆಗಿಂತ ಬೇರೆ ರೀತಿ ಹಿಗ್ಗಿ ಬೌಲನ್ನೇ ಸೀಳುತ್ತದೆ. ಕೆರೆಯಲು ಮೊಂಡು ಚಾಕು ಬೇಕು, ಮೊನೆಯಿದ್ದದ್ದು ತಳವನ್ನು ಕೊರೆದುಬಿಡುತ್ತದೆ. ಹೊಸ ಬ್ರೈಯರಿಗೆ ಜೇನುತುಪ್ಪ ಸವರಿ ಪದರ ಬೆಳೆಸುವ ಹಳೇ ಪದ್ಧತಿ ಬೇಕಾಗಿಲ್ಲ. ಮೊದಲ ಎಂಟು ಹತ್ತು ಸಲ ಅರ್ಧ ಬೌಲ್ ತುಂಬಿ ತಳದ ತನಕ ನಿಧಾನವಾಗಿ ಸೇದಿದರೆ ತಾನಾಗಿ ಬರುತ್ತದೆ.

ಕ್ಯಾಂಪಿನ ಹಳೇ ಮನೆಗಳ ಅಟ್ಟದಿಂದ ಆಗಾಗ ಹಳೇ ಪೈಪುಗಳು ಇಳಿಯುತ್ತವೆ. ಸ್ಟೆಮ್ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ, ಮೂಸಿದರೆ ಗಂಧಕ ನಾರುತ್ತಿದ್ದರೆ ಎಸೆಯಬೇಡಿ. ಅದು ವಲ್ಕನೈಟ್, ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರು. ಬಿಸಿಲಿಗೆ ಗಂಧಕ ಮೇಲೆ ಬರುತ್ತದೆ, ಅಷ್ಟೇ. 400 ನಂಬರಿನ ವಾಟರ್ ಪೇಪರಿನಿಂದ ಶುರುಮಾಡಿ 600, 1000, 2000ರ ತನಕ ನೀರು ಹಚ್ಚಿ ತಿಕ್ಕಿದರೆ ಕರಿ ಹೊಳಪು ಮರಳುತ್ತದೆ. ಶ್ಯಾಂಕಿನ ಸೇರಿಕೆಯ ಹತ್ತಿರ ಟೇಪ್ ಸುತ್ತಿ ತಿಕ್ಕಿ, ಇಲ್ಲವೆಂದರೆ ಅಂಚು ಗುಂಡಗಾಗಿ ಕೀಲು ಕೂಡುವಲ್ಲಿ ಸಂದು ಕಾಣುತ್ತದೆ. ಒಳಗಿನ ಹಳೇ ವಾಸನೆಗೆ ಬೌಲಿನಲ್ಲಿ ಹತ್ತಿ ತುರುಕಿ, ನೆನೆಯುವಷ್ಟು ರಮ್ ಹನಿಸಿ ಒಂದು ರಾತ್ರಿ ಬಿಟ್ಟರೆ ಹತ್ತಿ ಚಹಾದ ಬಣ್ಣಕ್ಕೆ ಬರುತ್ತದೆ. ಹತ್ತಿ ಬೆಳ್ಳಗುಳಿಯುವ ತನಕ ಮಾಡಬೇಕು. ಪಾಲಿಶ್ ಅಂಗಡಿಯ ಸ್ಪಿರಿಟ್ ಬೇಡ, ಅದರಲ್ಲಿ ವಿಷ ಬೆರೆಸಿರುತ್ತಾರೆ.

ಪೈಪು ಸೇದಿದ ಮೇಲೆ ಒಂದು ದಿನ ಆರಲು ಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಬೇಸಿಗೆಗೆ ಅದು ಸರಿ. ಮಳೆಗಾಲದ ಬೆಳಗಾವಿಯಲ್ಲಿ ಎರಡು ದಿನ, ಖಾನಾಪುರದ ಕಡೆ ಮೂರು. ಒಣ ಕ್ಲೀನರ್ ಒಂದನ್ನು ಒಳಗೇ ಬಿಟ್ಟು, ಅಡಿಗೆಮನೆಯಲ್ಲಿ ಒಲೆಯ ಶಾಖ ತಾಗುವ ಗೂಡಿನಲ್ಲಿಡಿ, ಟ್ರಂಕಿನಲ್ಲಲ್ಲ. ಮತ್ತೆ ತುಂಬುವ ಮೊದಲು ಆ ಕ್ಲೀನರನ್ನು ಎಳೆದು ತುಟಿಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಪೈಪು ಇನ್ನೂ ಆರಿಲ್ಲ, ಆ ದಿನ ಇನ್ನೊಂದು ಪೈಪು ತೆಗೆದುಕೊಳ್ಳಿ.